ಇನ್ನೂರೈವತ್ತಕ್ಕೆ ಒಂದು ಗ್ರಾಂ ಕಮ್ಮಿ

ಚೀನಾದ ಡಿಜೆಐ ಕಂಪನಿಯ ‘ಮಿನಿ 4 ಪ್ರೊ’ ಎಂಬ ಪುಟ್ಟ ಕ್ಯಾಮೆರಾ ಡ್ರೋನ್ 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 759 ಡಾಲರ್. ಏಳು ತಿಂಗಳ ನಂತರ ಅದೇ ಕಂಪನಿ ‘ಮಿನಿ 4ಕೆ’ ಎಂಬ ಅಗ್ಗದ ಮಾದರಿಯನ್ನು 299 ಡಾಲರಿಗೆ ತಂದಿತು. ಬೆಲೆಯಲ್ಲಿ ಎರಡೂವರೆ ಪಟ್ಟು ಅಂತರ. ತಕ್ಕಡಿಯಲ್ಲಿ ಇಟ್ಟು ನೋಡಿದರೆ ಮಾತ್ರ ಆ ಅಂತರ ಮಾಯ. ಕಂಪನಿಯೇ ಹೇಳುವ ಪ್ರಕಾರ ಎರಡೂ 249 ಗ್ರಾಮಿನೊಳಗೆ.

ಈ 249 ಆಕಸ್ಮಿಕವಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಯಾವ ಡ್ರೋನ್‌ಗಳಿಗೆ ನೋಂದಣಿ ಬೇಕು, ಯಾವುದಕ್ಕೆ ಬೇಡ ಎಂದು ಹೇಳಲು ಒಂದು ಕಾರ್ಯಪಡೆ ರಚಿಸಿತು. ಅವರು ಹಿಡಿದ ದಾರಿ ಪ್ರೌಢಶಾಲೆಯ ಭೌತಶಾಸ್ತ್ರದ್ದೇ. ತಲೆಯ ಮೇಲೆ ಬಿದ್ದ ವಸ್ತುವಿನ ಚಲನಶಕ್ತಿ 80 ಜೂಲ್ ಇದ್ದರೆ ಪ್ರಾಣಾಪಾಯದ ಸಂಭವ ನೂರಕ್ಕೆ ಮೂವತ್ತು ಎಂಬ ಹಳೆಯ ಅಂದಾಜು ಅವರ ಮುಂದಿತ್ತು. ಚಿಕ್ಕ ಡ್ರೋನ್ ಎತ್ತರದಿಂದ ಬಿದ್ದರೆ ಗಾಳಿಯ ತಡೆಯಿಂದಾಗಿ ಅದರ ವೇಗ ಸೆಕೆಂಡಿಗೆ 25 ಮೀಟರಿನ ಆಸುಪಾಸಿಗೆ ನಿಲ್ಲುತ್ತದೆ ಎಂದಿಟ್ಟುಕೊಂಡರು. ಅರ್ಧ ಗುಣಿಸು ದ್ರವ್ಯರಾಶಿ ಗುಣಿಸು ವೇಗದ ವರ್ಗ. ಲೆಕ್ಕ ಬಿಡಿಸಿದರೆ ಬರುವುದು 256 ಗ್ರಾಂ. ಅದನ್ನು ದುಂಡಗೆ 250 ಮಾಡಿದರು. ಯುರೋಪು ಅದೇ ಗೆರೆಯನ್ನು ಎಳೆಯಿತು, ಭಾರತವೂ ಎಳೆಯಿತು. 2021ರ ಆಗಸ್ಟ್ 25ರಂದು ಜಾರಿಗೆ ಬಂದ ನಮ್ಮ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದ್ದು ‘ನ್ಯಾನೊ’. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ.

ಕಾನೂನಿನ ಗೆರೆ ಯಂತ್ರದ ಆಕಾರವನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆ ಸ್ವಾರಸ್ಯದ್ದು. 2019ರಲ್ಲಿ ಮೊದಲ ‘ಮ್ಯಾವಿಕ್ ಮಿನಿ’ ಬಂದಾಗ ಅಲ್ಲಿನ ಮಿತಿ 200 ಗ್ರಾಂ ಇತ್ತು. ಕಂಪನಿ ಆ ದೇಶಕ್ಕೆಂದೇ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿ 199 ಗ್ರಾಮಿನ ಡ್ರೋನ್ ಮಾರಿತು. ಬೇರೆಡೆ 30 ನಿಮಿಷ ಹಾರುತ್ತಿದ್ದದ್ದು ಅಲ್ಲಿ 18 ನಿಮಿಷಕ್ಕೆ ಇಳಿಯಿತು. ಆಮೇಲೆ 2022ರಲ್ಲಿ ಜಪಾನ್ ಮಿತಿಯನ್ನೇ 100 ಗ್ರಾಮಿಗೆ ಇಳಿಸಿತು, ಪಟ್ಟ ಪಾಡೆಲ್ಲ ನೀರುಪಾಲು.

ಆದ್ದರಿಂದ ಈ ವರ್ಗದ ಡ್ರೋನ್‌ಗಳಲ್ಲಿ ದುಬಾರಿ ಎಂದರೆ ದೊಡ್ಡದು ಎಂದಲ್ಲ. ಮಿನಿ 4 ಪ್ರೊದೊಳಗೆ ದೊಡ್ಡ ಕ್ಯಾಮೆರಾ ಇದೆ, ಸುತ್ತ ನೋಡುವ ಕಣ್ಣುಗಳಿವೆ, ಅವು ಕಂಡದ್ದನ್ನು ಅರ್ಥಮಾಡಿಕೊಳ್ಳುವ ಚಿಪ್ಪಿದೆ. ಇವಕ್ಕೂ, ಇಷ್ಟನ್ನೂ ಸೇರಿಸಿ ತೂಕ ಏರದಂತೆ ನೋಡಿಕೊಳ್ಳುವುದಕ್ಕೂ ಆ ಹೆಚ್ಚುವರಿ 460 ಡಾಲರ್. ಆ ದುಡ್ಡು ಕೊಡಗಿನಂಥ ನೆಲದ ಮೇಲೆ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಬೆಟ್ಟ, ಮಂಜು, ನೂರಡಿ ಎತ್ತರದ ಸಿಲ್ವರ್ ಓಕ್, ಅದರಡಿ ಮೆಣಸು, ಅದರಡಿ ಕಾಫಿ. ಡ್ರೋನ್ ಕಂಪನಿಗಳು ಪರೀಕ್ಷೆ ಮಾಡುವ ಬಯಲಿಗೂ ಈ ನೆಲಕ್ಕೂ ಸಂಬಂಧವೇ ಇಲ್ಲ.

ಮೊದಲು ಹಾರಾಟದ ಖರ್ಚು ನೋಡೋಣ. ಮಿನಿ 4ಕೆಯ ಬ್ಯಾಟರಿಯಲ್ಲಿ 17.32 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ, ಕಂಪನಿ ಹೇಳುವ ಹಾರಾಟದ ಅವಧಿ 31 ನಿಮಿಷ. ಭಾಗಿಸಿದರೆ ಸರಾಸರಿ 33.5 ವ್ಯಾಟ್. ಮಿನಿ 4 ಪ್ರೊದ ಬ್ಯಾಟರಿ 18.96 ವ್ಯಾಟ್-ಅವರ್, ಅವಧಿ 34 ನಿಮಿಷ. ಭಾಗಿಸಿದರೆ ಮತ್ತೆ ಅದೇ 33.5 ವ್ಯಾಟ್. ಮೋಟಾರು, ಕ್ಯಾಮೆರಾ, ರೇಡಿಯೊ ಎಲ್ಲ ಸೇರಿ ಇವು ತಿನ್ನುವುದು ಇವತ್ತಿನ ಒಂದು ಬಿಎಲ್‌ಡಿಸಿ ಸೀಲಿಂಗ್ ಫ್ಯಾನ್ ತಿನ್ನುವಷ್ಟು. ನಿಂತಲ್ಲೇ ತೇಲಬೇಕಾದರೆ ಡ್ರೋನ್ ತನ್ನ ತೂಕಕ್ಕೆ ಸಮನಾದ ಬಲದಿಂದ ಗಾಳಿಯನ್ನು ಕೆಳಕ್ಕೆ ತಳ್ಳುತ್ತಲೇ ಇರಬೇಕು. ರೆಕ್ಕೆಯ ಅಳತೆ ಬದಲಾಗದಿದ್ದರೆ, ತೂಕ ಇಮ್ಮಡಿಯಾದಾಗ ಬೇಕಾದ ಶಕ್ತಿ ಇಮ್ಮಡಿಯಲ್ಲ, 2.8 ಪಟ್ಟು. ತೂಕ ಒಂದೇ ಆದಮೇಲೆ ಖರ್ಚೂ ಸರಿಸುಮಾರು ಒಂದೇ. ಬೆಲೆ ಎಷ್ಟೇ ಇರಲಿ, ಗುರುತ್ವ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಗಾಳಿಯ ಸಾಂದ್ರತೆಯೂ ಕೊಡುವುದಿಲ್ಲ. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿ ಮಂಗಳೂರಿನ ಕಡಲತೀರದ ಗಾಳಿಗಿಂತ ಹತ್ತರಲ್ಲೊಂದು ಪಾಲು ತೆಳು. ಅದೇ ತೂಕವನ್ನು ಎತ್ತಿಹಿಡಿಯಲು ಐದಾರು ಶೇಕಡ ಹೆಚ್ಚು ಶಕ್ತಿ ಬೇಕು. 1,748 ಮೀಟರಿನ ತಡಿಯಂಡಮೋಳ್ ನೆತ್ತಿಯಲ್ಲಿ ಇದು ಒಂಬತ್ತು ಶೇಕಡದ ಹತ್ತಿರ. 31 ನಿಮಿಷ ಎಂದು ಡಬ್ಬಿಯ ಮೇಲೆ ಬರೆದದ್ದು ಗಾಳಿಯಿಲ್ಲದ ಕಡೆ, ಬ್ಯಾಟರಿ ಪೂರ್ತಿ ಬರಿದಾಗುವವರೆಗೆ ಅಳೆದದ್ದು. ಬೆಟ್ಟದ ಮೇಲೆ 20 ನಿಮಿಷ ಎಂದು ನಂಬಿಕೊಂಡರೆ ಕ್ಷೇಮ. ಪ್ರೊ ಇದ್ದವರು ಬೇಕಾದರೆ ಎರಡು ನಿಮಿಷ ಸೇರಿಸಿಕೊಳ್ಳಲಿ.

ಬೀಸುವ ಗಾಳಿಯ ವಿಚಾರಕ್ಕೆ ಬಂದರೆ ಅಲ್ಲಿಯೂ ಸಮಸಮ. ಎರಡೂ ತಡೆದುಕೊಳ್ಳುವುದು ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ 38 ಕಿಲೋಮೀಟರ್ ವೇಗದ ಗಾಳಿಯನ್ನು. ತಡೆದುಕೊಳ್ಳುವುದು ಬೇರೆ, ಎದುರಿಸಿ ಮನೆಗೆ ಬರುವುದು ಬೇರೆ. ಸಾಧಾರಣ ಮೋಡ್‌ನಲ್ಲಿ ಮಿನಿ 4ಕೆಯ ಗರಿಷ್ಠ ವೇಗ ಸೆಕೆಂಡಿಗೆ 10 ಮೀಟರ್. ಎದುರುಗಾಳಿಯೂ ಅಷ್ಟೇ ಇದ್ದರೆ ಅದು ಆಕಾಶದಲ್ಲಿ ನಿಂತಲ್ಲೇ ಈಜುತ್ತಿರುತ್ತದೆ, ಬ್ಯಾಟರಿ ಮಾತ್ರ ಇಳಿಯುತ್ತಿರುತ್ತದೆ. ಸ್ಪೋರ್ಟ್ ಮೋಡ್‌ಗೆ ಹಾಕಿದರೆ 16 ಮೀಟರ್ ವೇಗ ಸಿಗುತ್ತದೆ, ಗಾಳಿ ಕಳೆದು ಆರು ಮೀಟರ್ ಉಳಿಯುತ್ತದೆ. ಮಾಂದಲ್‌ಪಟ್ಟಿಯಂಥ ಬೆಟ್ಟದ ಏಣುಗಳಲ್ಲಿ ಇದನ್ನು ನೆನಪಿಡಬೇಕು. ಬಯಲಿನಿಂದ ಬಂದ ಗಾಳಿ ಏಣನ್ನು ಹತ್ತುವಾಗ ಇಕ್ಕಟ್ಟಾಗಿ ವೇಗ ಪಡೆಯುತ್ತದೆ. ನೀವು ಬೆಟ್ಟದ ಮರೆಯಲ್ಲಿ ನಿಂತಿದ್ದರೆ ಕೂದಲೂ ಅಲುಗುವುದಿಲ್ಲ; ಐವತ್ತು ಮೀಟರ್ ಮೇಲೆ ಡ್ರೋನ್ ಕೊಚ್ಚಿಹೋಗುತ್ತಿರುತ್ತದೆ. ಗಾಳಿ ಬರುವ ದಿಕ್ಕಿಗೆ ಮೊದಲು ಹೋಗಿ, ಗಾಳಿಯ ಜೊತೆ ವಾಪಸಾಗುವುದು ಎರಡೂ ಯಂತ್ರಗಳಿಗೆ ಒಪ್ಪುವ ಕ್ರಮ.

ಹಾಗಾದರೆ ದುಡ್ಡು ಹೋದದ್ದೆಲ್ಲಿಗೆ? ಮೊದಲನೆಯದಾಗಿ, ಕ್ಯಾಮೆರಾದ ಪಾಪೆಗೆ. ಮಿನಿ 4ಕೆಯ ಸಂವೇದಕವನ್ನು 1/2.3 ಇಂಚು ಎನ್ನುತ್ತಾರೆ, ಪ್ರೊದ್ದನ್ನು 1/1.3 ಇಂಚು. (ಈ ಇಂಚುಗಳನ್ನು ಸ್ಕೇಲಿನಲ್ಲಿ ಅಳೆಯಲು ಹೋಗಬೇಡಿ. ಹಳೆಯ ಟಿವಿ ಕ್ಯಾಮೆರಾಗಳ ಗಾಜಿನ ಕೊಳವೆಯ ವ್ಯಾಸದಿಂದ ಉಳಿದುಬಂದ ಲೆಕ್ಕ ಅದು. ನಿಜವಾದ ಸಂವೇದಕ ಅದರ ಮೂರರಲ್ಲಿ ಎರಡು ಪಾಲಿನಷ್ಟಿರುತ್ತದೆ.) ಮುಖ್ಯವಾದದ್ದು ಬೆಳಕು ಒಳಗೆ ಬರುವ ಕಿಂಡಿ. ಲೆನ್ಸಿನ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ ಅಗ್ಗದ್ದರ ಕಿಂಡಿಯ ವ್ಯಾಸ ಒಂದೂವರೆ ಮಿಲಿಮೀಟರ್, ದುಬಾರಿಯದ್ದು ಸುಮಾರು ನಾಲ್ಕು. ಕಿಂಡಿಯ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಒಂದೇ ದೃಶ್ಯದಿಂದ, ಅಷ್ಟೇ ಹೊತ್ತಿನಲ್ಲಿ, ಪ್ರೊ ಆರೂವರೆ ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ.

ನಡುಹಗಲಿನಲ್ಲಿ ಈ ಆರೂವರೆ ಪಟ್ಟು ದಂಡ. ಫೆಬ್ರವರಿ–ಮಾರ್ಚ್‌ನಲ್ಲಿ ಹೂಮಳೆ ಬಿದ್ದು ರೋಬಸ್ಟಾ ತೋಟ ಬೆಳ್ಳಗಾದಾಗ, ಹತ್ತು ಗಂಟೆಯ ಬಿಸಿಲಲ್ಲಿ ಎರಡರಿಂದಲೂ ತೆಗೆದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ಯಾವುದು ಯಾವುದೆಂದು ಕೇಳಿದರೆ ಕಸುಬಿನವರೂ ತಡವರಿಸಿಯಾರು. ಅಂತರ ಕಾಣುವುದು ಬೆಳಕು ಬತ್ತಿದಾಗ. ಮಡಿಕೇರಿ ದಸರೆಯ ವಿಜಯದಶಮಿಯ ರಾತ್ರಿ ದಶಮಂಟಪಗಳು ಬೀದಿಗಿಳಿಯುತ್ತವೆ. ಒಂದು ಕಡೆ ಕಣ್ಣು ಕುಕ್ಕುವ ಎಲ್‌ಇಡಿ, ಪಕ್ಕದಲ್ಲೇ ಕಡುಗತ್ತಲು. ಬೆಳಕು ಕಣಕಣವಾಗಿ ಬರುವುದರಿಂದ, ಬಂದ ಕಣಗಳು ಕಡಿಮೆಯಾದಷ್ಟೂ ಅವುಗಳ ಸಂಖ್ಯೆಯ ಏರಿಳಿತ ಎದ್ದು ಕಾಣುತ್ತದೆ. ಚಿತ್ರದ ಕಪ್ಪು ಭಾಗದಲ್ಲಿ ರವೆ ಚೆಲ್ಲಿದಂತೆ ಕಾಣುವುದು ಅದೇ. ಬೆಳಕು ಆರೂವರೆ ಪಟ್ಟು ಹೆಚ್ಚಾದರೆ ಈ ಗದ್ದಲ ಎರಡೂವರೆ ಪಟ್ಟು ತಗ್ಗುತ್ತದೆ. ರಾತ್ರಿಯ ಚಿತ್ರೀಕರಣವೇ ಹೊಟ್ಟೆಪಾಡಾದವರಿಗೆ ಇಲ್ಲಿ ಅಗ್ಗದ್ದು ಸಾಲದು. ಆ ಜನಜಂಗುಳಿಯ ಮೇಲೆ ಹಾರಿಸಲು ಪೊಲೀಸರ ಅನುಮತಿ ಬೇಕೆಂಬುದು ಬೇರೆ ಮಾತು.

ಮಂಜಿಗೂ ಒಂದು ಲೆಕ್ಕವಿದೆ. ಮಿನಿ 4ಕೆ ಪ್ರತಿ ಬಣ್ಣವನ್ನು 8 ಬಿಟ್‌ನಲ್ಲಿ, ಅಂದರೆ 256 ಮೆಟ್ಟಿಲುಗಳಲ್ಲಿ ದಾಖಲಿಸುತ್ತದೆ. ಪ್ರೊದಲ್ಲಿ 10 ಬಿಟ್ ಆಯ್ಕೆ ಇದೆ: 1,024 ಮೆಟ್ಟಿಲು. ಮೂರು ಬಣ್ಣ ಸೇರಿದರೆ ಒಂದರಲ್ಲಿ 1.67 ಕೋಟಿ ಛಾಯೆ, ಇನ್ನೊಂದರಲ್ಲಿ 107 ಕೋಟಿ. ನಮ್ಮ ಕಣ್ಣಿಗೆ ಅಷ್ಟೆಲ್ಲ ಬೇಡವೆನಿಸಬಹುದು. ಆದರೆ ಬೆಳಗಿನ ಮಂಜು ಬೂದಿಯಿಂದ ಬಿಳಿಗೆ ತೀರ ನಿಧಾನವಾಗಿ ತಿರುಗುವ ದೃಶ್ಯ. 256 ಮೆಟ್ಟಿಲಿನಲ್ಲಿ ಹತ್ತಿಪ್ಪತ್ತನ್ನಷ್ಟೇ ಅದು ಬಳಸಿಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಕಾಂಟ್ರಾಸ್ಟ್ ಏರಿಸಿದರೆ ಸಾಕು, ಆಕಾಶದಲ್ಲಿ ಪಟ್ಟೆ ಪಟ್ಟೆ ಗೆರೆ ಏಳುತ್ತವೆ. ಮರಳುಗಾಡಿನ ಛಾಯಾಗ್ರಾಹಕನಿಗೆ ಅಷ್ಟಾಗಿ ಕಾಡದ ಈ ದೋಷ ಕೊಡಗಿನವನನ್ನು ದಿನಾ ಕಾಡುತ್ತದೆ.

ಎಲೆಗಳ ಕಾಟ ಇನ್ನೊಂದು. 4ಕೆ ವಿಡಿಯೊ ಹುಟ್ಟುವಾಗ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ ಇರುತ್ತದೆ. ಮಿನಿ 4ಕೆಯ ಕಾರ್ಡಿಗೆ ಇಳಿಯುವುದು ಹೆಚ್ಚೆಂದರೆ 10 ಕೋಟಿ. ಹಿಂದಿನ ಚೌಕಟ್ಟಿಗೂ ಈಗಿನದ್ದಕ್ಕೂ ಏನು ಬದಲಾಯಿತೋ ಅಷ್ಟನ್ನೇ ಬರೆದುಕೊಳ್ಳುವ ಜಾಣತನದಿಂದ ಈ ಉಳಿತಾಯ. ರಸ್ತೆ, ಕಟ್ಟಡ, ನೀಲಿ ಆಕಾಶ ಇದಕ್ಕೆ ಸುಲಭ. ಗಾಳಿಗೆ ಅಲುಗುವ ಕಾಡಿನಲ್ಲಿ ಪ್ರತಿ ಎಲೆಯೂ ಬದಲಾವಣೆಯೇ. ಬಿಟ್ ಸಾಲದೆ ಹಸಿರು ಪಾಚಿಯಂತೆ ಕಲಸಿಕೊಳ್ಳುತ್ತದೆ. ಪ್ರೊ 15 ಕೋಟಿ ಬಿಟ್ ಬರೆಯುತ್ತದೆ, ಹೆಚ್ಚು ದಕ್ಷವಾದ ಎಚ್.265 ಸಂಕೋಚನ ವಿಧಾನವೂ ಅದಕ್ಕೆ ಗೊತ್ತು. ಪಶ್ಚಿಮಘಟ್ಟದ ಮೇಲೆ ಹಾರಿಸುವವರಿಗೆ ನನ್ನ ಮಟ್ಟಿಗೆ ಇದು ಸಂವೇದಕದಷ್ಟೇ ತೂಕದ ಕಾರಣ. ಜಾಹೀರಾತಿನಲ್ಲಿ ಮಾತ್ರ ಇದು ಸಣ್ಣ ಅಕ್ಷರದಲ್ಲಿರುತ್ತದೆ.

ದಪ್ಪ ಅಕ್ಷರದಲ್ಲಿರುವುದು ರೇಂಜು. ಅಗ್ಗದ್ದಕ್ಕೆ 10 ಕಿಲೋಮೀಟರ್, ಪ್ರೊಗೆ 20. ಮಡಿಕೇರಿಯಿಂದ ನೇರ ಗೆರೆ ಎಳೆದರೆ ಮೊದಲನೆಯದು ಸುಂಟಿಕೊಪ್ಪದ ಹತ್ತಿರ, ಎರಡನೆಯದು ಕುಶಾಲನಗರಕ್ಕೆ ಇನ್ನೇನು ಸ್ವಲ್ಪ ದೂರ ಎಂಬಲ್ಲಿಗೆ ಮುಟ್ಟಬೇಕು. ಅಡ್ಡಿಯೇ ಇಲ್ಲದ ಬಯಲಿನಲ್ಲಿ, ಅಮೆರಿಕದ ನಿಯಮ ಅನುಮತಿಸುವ ರೇಡಿಯೊ ಶಕ್ತಿಯಲ್ಲಿ ಅಳೆದದ್ದು ಅದು. ಈ ರೇಡಿಯೊ ಅಲೆಗಳು ಬೆಟ್ಟವನ್ನು ತೂರುವುದಿಲ್ಲ, ನೀರು ತುಂಬಿದ ಎಲೆಗಳು ಅವನ್ನು ಹೀರುತ್ತವೆ. ನಿಯಮದ ಪ್ರಕಾರ ಡ್ರೋನ್ ಕಣ್ಣಳತೆಯಲ್ಲೇ ಇರಬೇಕು, ಅಂಗೈಯಗಲದ ಈ ಯಂತ್ರ ಅರ್ಧ ಕಿಲೋಮೀಟರ್ ದೂರದಲ್ಲಿ ಕಣ್ಣಿಗೇ ಬೀಳದು. ರೇಂಜಿಗೆಂದು ಕೊಟ್ಟ ರೂಪಾಯಿಯಷ್ಟು ವ್ಯರ್ಥ ಇನ್ನೊಂದಿಲ್ಲ.

ಸಿಗ್ನಲ್ ಕಡಿದಾಗ ಏನಾಗುತ್ತದೆ ಎಂಬಲ್ಲಿಗೆ ಬಂದರೆ ಮಾತು ಗಂಭೀರವಾಗುತ್ತದೆ. ಕೊಡಗಿನಲ್ಲಿ ಸಿಗ್ನಲ್ ಕಡಿಯುವುದು ಹೆಚ್ಚಾಗಿ ಡ್ರೋನ್ ಏಣಿನ ಆಚೆ ಇಳಿದಾಗ. ಆಗ ಎರಡೂ ಡ್ರೋನ್‌ಗಳು ತಾವಾಗಿಯೇ ಹೊರಟ ಜಾಗಕ್ಕೆ ಮರಳಲು ನೋಡುತ್ತವೆ. ಮಿನಿ 4ಕೆ ಮೊದಲೇ ಹೇಳಿಟ್ಟ ಎತ್ತರಕ್ಕೆ ಏರುತ್ತದೆ, ಅಲ್ಲಿಂದ ಮನೆಯತ್ತ ನೇರ ಗೆರೆ. ಆ ಗೆರೆಯ ನಡುವೆ ಇರುವುದು ಯಾವುದು? ಸಿಗ್ನಲ್ ಕಡಿದ ಅದೇ ಏಣು. ಎತ್ತರದ ಲೆಕ್ಕವೋ, ಹೊರಟ ಜಾಗದಿಂದ ವಾಯುಭಾರಮಾಪಕ ಎಣಿಸಿದ್ದು. ನೀವು ಗದ್ದೆಯ ಬದಿಯಿಂದ ಹಾರಿಸಿ, ಮರಳುವ ಎತ್ತರವನ್ನು 60 ಮೀಟರಿಗೆ ಇಟ್ಟಿದ್ದು, ನಡುವಿನ ಗುಡ್ಡ ಅದರ ಮರಗಳೂ ಸೇರಿ 90 ಮೀಟರ್ ಇದ್ದರೆ, ಡ್ರೋನ್ ಶಿಸ್ತಿನಿಂದ ಹೋಗಿ ಗುಡ್ಡಕ್ಕೆ ಬಡಿಯುತ್ತದೆ. ಅದಕ್ಕಿರುವ ಕಣ್ಣು ಕೆಳಗೆ ನೋಡುವುದು ಮಾತ್ರ.

ಪ್ರೊದ ದೊಡ್ಡ ಗುಣ ಇಲ್ಲಿದೆ. ಅದಕ್ಕೆ ಸುತ್ತಲೂ ಅಗಲ ನೋಟದ ನಾಲ್ಕು ಪುಟ್ಟ ಕ್ಯಾಮೆರಾ, ಹೊಟ್ಟೆಯಡಿ ಇನ್ನೆರಡು. ಎರಡು ಕ್ಯಾಮೆರಾ ಒಂದೇ ಕೊಂಬೆಯನ್ನು ಸ್ವಲ್ಪ ಬೇರೆ ಬೇರೆ ಜಾಗದಲ್ಲಿ ಕಾಣುತ್ತವೆ. ಆ ವ್ಯತ್ಯಾಸದಿಂದ ಕೊಂಬೆ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಿ, ನಿಲ್ಲುತ್ತದೆ ಅಥವಾ ಸುತ್ತಿ ಹೋಗುತ್ತದೆ. ಹಗಲಿನ ಬೆಳಕಿನಲ್ಲಿ, ಎಲೆ ತುಂಬಿದ ಮರದ ಮುಂದೆ ಇದು ಚೆನ್ನಾಗಿ ನಡೆಯುತ್ತದೆ. ಹಾಗೆಂದು ಮೈಮರೆಯುವಂತಿಲ್ಲ. ಈ ಲೆಕ್ಕ ನಡೆಯಬೇಕಾದರೆ ಎರಡೂ ಕ್ಯಾಮೆರಾಗಳು ಗುರುತು ಹಿಡಿಯಬಲ್ಲ ಚುಕ್ಕೆಗಳು ದೃಶ್ಯದಲ್ಲಿರಬೇಕು. ಮಂಜಿನಲ್ಲಿ ಚುಕ್ಕೆಯೇ ಇಲ್ಲ. ಮುಸ್ಸಂಜೆಯಲ್ಲಿ ಬೆಳಕಿಲ್ಲ. ತೋಟದ ಮೇಲೆ ಹಾದುಹೋಗುವ ಕರೆಂಟಿನ ತಂತಿ, ಮರಗಸಿಯಲ್ಲಿ ಕೊಂಬೆ ಕಡಿದ ಮೇಲೆ ಉಳಿದ ಬೋಳು ಕಡ್ಡಿ ಇವೆಲ್ಲ ಆ ಕ್ಯಾಮೆರಾಗಳಿಗೆ ಕಾಣದಷ್ಟು ಸಪೂರ. ಕಡು ಮಂಜಿನಲ್ಲಿ ಪ್ರೊ ಕೂಡ ಮಿನಿ 4ಕೆಯಷ್ಟೇ ಕುರುಡು, ವ್ಯತ್ಯಾಸವೆಂದರೆ ಅದರ ಒಡೆಯನಿಗೆ ಧೈರ್ಯ ಜಾಸ್ತಿ. ಮಳೆ ತಡೆಯುವ ಕವಚವೂ ಎರಡಕ್ಕೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಪೆಟ್ಟಿಗೆಯಲ್ಲಿರುವುದೇ ಲೇಸು.

ಇವೆರಡಕ್ಕೂ ಕೆಳಗೆ ಮೂರನೆಯ ಜಾತಿಯೊಂದಿದೆ: ಡಬ್ಬಿಯ ಮೇಲೆ ದೊಡ್ಡದಾಗಿ 4ಕೆ ಎಂದು ಬರೆದು ಐದಾರು ಸಾವಿರಕ್ಕೆ ಮಾರುವ ಆಟಿಕೆ. ಇಂಥವುಗಳಲ್ಲಿ ಹೆಚ್ಚಿನದಕ್ಕೆ ಜಿಪಿಎಸ್ ಇಲ್ಲ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಮೂರು ಅಕ್ಷದ ಗಿಂಬಲ್ ಇಲ್ಲ, ಮೋಟಾರಿನಲ್ಲಿ ಉಜ್ಜಿ ಸವೆಯುವ ಬ್ರಷ್ ಇದೆ. ಗಿಂಬಲ್ ಮತ್ತು ಜಿಪಿಎಸ್ ಇಲ್ಲದ ಯಂತ್ರ ಬೆಟ್ಟದ ಗಾಳಿಯಲ್ಲಿ ಚಿತ್ರ ತೆಗೆಯಲಾರದು. ಮಿನಿ 4ಕೆಯನ್ನು ‘ಬಜೆಟ್’ ಎನ್ನುವಾಗ ಈ ಆಟಿಕೆಗಳ ಸಾಲಿಗೆ ಅದನ್ನು ಸೇರಿಸಬಾರದು. ಹಾರಾಟದ ಮಟ್ಟಿಗೆ ಅದು ಪ್ರೊದ ತಮ್ಮನೇ.

ಆದರೆ ಇವನ್ನು ನಮ್ಮಲ್ಲಿ ಕೊಳ್ಳುವ ದಾರಿಯೇ ಸರಳವಿಲ್ಲ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ರಕ್ಷಣೆ, ಭದ್ರತೆ ಮತ್ತು ಸಂಶೋಧನೆಗೆ ಮಾತ್ರ ವಿನಾಯಿತಿ, ಬಿಡಿಭಾಗಗಳಿಗೆ ತಡೆಯಿಲ್ಲ. ಆದ್ದರಿಂದ ಇಲ್ಲಿ ಕೈಗೆ ಸಿಗುವ ಹೊಸ ಮಾದರಿಗಳು ಹಿಂಬಾಗಿಲಿನಿಂದ ಬಂದವು, ಬೆಲೆಗೂ ವಾರಂಟಿಗೂ ಹೊಣೆಗಾರರಿಲ್ಲ. ಹೊರದೇಶದಿಂದ ಬರುವ ನೆಂಟರ ಕೈಲಿ ತರಿಸಿದರೆ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಳ್ಳಬಹುದು. ಇನ್ನು ಎಲ್ಲಿ ಹಾರಿಸಬಹುದು ಎಂಬುದಕ್ಕೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ಇದೆ. ಹಸಿರು ವಲಯದಲ್ಲಿ 400 ಅಡಿವರೆಗೆ. ಆದರೆ ನಕ್ಷೆಯ ಹಸಿರು ಕಾಡಿನ ಪರವಾನಗಿಯಲ್ಲ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಈ ರಕ್ಷಿತ ಅರಣ್ಯಗಳ ಮೇಲೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹಾರಿಸಿದರೆ ಕೇಸು ಬೀಳುತ್ತದೆ.

ತೋಟಕ್ಕೆ ಆನೆ ಬಂದಾಗ ಡ್ರೋನ್ ಬಿಟ್ಟು ಓಡಿಸೋಣ ಎಂದು ಕೆಲವರಿಗೆ ಅನಿಸುವುದುಂಟು. ಟಾಂಜಾನಿಯಾದಲ್ಲಿ ತರಬೇತಾದ ವನರಕ್ಷಕರು ಡ್ರೋನ್ ಬಳಸಿ ಆನೆಗಳನ್ನು ಹೊಲಗಳಿಂದ ಅಟ್ಟಿದ್ದು 2017ರಲ್ಲಿ ಪ್ರಕಟವಾಗಿದೆ. ಅಲ್ಲಿನದ್ದು ತೆರೆದ ಬಯಲು. ಇಲ್ಲಿ ಕಾಫಿ ಗಿಡದ ಮಧ್ಯೆ ಬೆದರಿದ ಆನೆ ಯಾವ ಕಡೆ ನುಗ್ಗುತ್ತದೆಂದು ಮೇಲಿನಿಂದ ಕಾಣುವುದೇ ಇಲ್ಲ, ಪಕ್ಕದಲ್ಲಿ ಕಾರ್ಮಿಕರ ಲೈನ್‌ಮನೆ ಇರುತ್ತದೆ. 249 ಗ್ರಾಮಿನ ಈ ಎರಡೂ ಡ್ರೋನ್‌ಗಳಲ್ಲಿ ಶಾಖ ಗುರುತಿಸುವ ಕ್ಯಾಮೆರಾ ಇಲ್ಲವಾದ್ದರಿಂದ ಮರದಡಿ ನಿಂತ ಆನೆ ಹಗಲಲ್ಲೂ ಕಾಣದು. ಅದು ಇಲಾಖೆಯವರ ಕೆಲಸ, ಹವ್ಯಾಸಿಗಳದ್ದಲ್ಲ.

ತೋಟದವರಿಗೆ ಈ ಯಂತ್ರ ನಿಜಕ್ಕೂ ಒದಗಬಹುದಾದ ಕೆಲಸ ಬರೆಯನ್ನು, ಅಂದರೆ ಕಡಿದಾದ ಇಳಿಜಾರನ್ನು, ನೋಡುವುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಬೆಟ್ಟಗಳು ಜಾರಿದವು. ಮರುವರ್ಷ ತೋರ, 2020ರಲ್ಲಿ ತಲಕಾವೇರಿ. ಇಳಿಜಾರು ಜಾರುವ ಮುನ್ನ ಎಷ್ಟೋ ಸಲ ಮೇಲ್ಭಾಗದಲ್ಲಿ ಕಮಾನಿನಾಕಾರದ ಬಿರುಕು ಬಿಡುತ್ತದೆ. ಮಿನಿ 4ಕೆಯನ್ನು 50 ಮೀಟರ್ ಎತ್ತರದಲ್ಲಿ ನಿಲ್ಲಿಸಿ ನೇರ ಕೆಳಕ್ಕೆ ಫೋಟೊ ತೆಗೆದರೆ ಒಂದು ಚಿತ್ರದಲ್ಲಿ 72 ಮೀಟರ್ ಅಗಲದ ನೆಲ ಬರುತ್ತದೆ. ಅದನ್ನು 4,000 ಪಿಕ್ಸೆಲ್‌ಗೆ ಹಂಚಿದರೆ ಪಿಕ್ಸೆಲ್ಲಿಗೆ 1.8 ಸೆಂಟಿಮೀಟರ್. ಬಿರುಕನ್ನು ಬಿರುಕೆಂದು ಗುರುತಿಸಲು ಮೂರು ಪಿಕ್ಸೆಲ್ ಬೇಕೆಂದುಕೊಂಡರೂ ನಾಲ್ಕು ಬೆರಳಗಲದ ಸೀಳು ಕಾಣಲೇಬೇಕು. ಪ್ರೊದ 48 ಮೆಗಾಪಿಕ್ಸೆಲ್ ಚಿತ್ರ ಇದೇ ವಿವರವನ್ನು 100 ಮೀಟರಿನಿಂದ ಕೊಡುತ್ತದೆ, ಅದರಿಂದ ಬ್ಯಾಟರಿ ಉಳಿಯುತ್ತದೆ ಅಷ್ಟೆ. ಈ ಕೆಲಸಕ್ಕೆ ನಾನು ಅಗ್ಗದ್ದನ್ನೇ ಆರಿಸಿ, ಉಳಿದ ಹಣಕ್ಕೆ ಎರಡು ಬ್ಯಾಟರಿ ಕೊಳ್ಳಲು ಹೇಳುತ್ತೇನೆ.

ಮಳೆಗೆ ಮುಂಚೆ ಮೇ ತಿಂಗಳಲ್ಲೊಮ್ಮೆ, ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲೊಮ್ಮೆ ತೆಗೆದು ಹೋಲಿಸಬೇಕು. ಇವುಗಳ ಜಿಪಿಎಸ್ ಒಂದೆರಡು ಮೀಟರ್ ಆಚೀಚೆ ತೋರಿಸುವುದರಿಂದ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಲು ಅಲುಗದ ಗುರುತು ಬೇಕಾಗುತ್ತದೆ. ಕಣದ ಮೂಲೆ, ನೀರಿನ ಟ್ಯಾಂಕು, ಬಂಡೆಗೆ ಬಳಿದ ಸುಣ್ಣದ ಪಟ್ಟೆ ಸಾಕು. ಇಷ್ಟಾದರೂ ಕಾಣುವುದು ಹುಲ್ಲುಗುಡ್ಡ, ಬಾಣೆ ಜಮೀನಿನ ಬಯಲು ಭಾಗ, ರಸ್ತೆಗಾಗಿ ಕಡಿದ ಬರೆ ಇಂಥ ಬತ್ತಲೆ ನೆಲದ ಬಿರುಕು. ಎರಡು ಮೂರು ಅಂತಸ್ತು ನೆರಳಿನ ಕಾಫಿ ತೋಟದಲ್ಲಿ ನೆಲವೇ ಮೇಲಕ್ಕೆ ಕಾಣುವುದಿಲ್ಲ. ಎಲೆಗಳ ಸಂದಿನಿಂದ ಲೇಸರ್ ತೂರಿಸಿ ನೆಲದ ಏರಿಳಿತ ಅಳೆಯುವ ಲೈಡಾರ್ ಉಪಕರಣ ಈ ತೂಕದಲ್ಲಿ ಎತ್ತಲಾಗದು, 299 ಡಾಲರಿನದಕ್ಕೂ ಇಲ್ಲ, 759ರದ್ದಕ್ಕೂ ಇಲ್ಲ. ಅಲ್ಲಿ ತೋಟದ ರೈಟರು ಮತ್ತು ಇಬ್ಬರು ಆಳುಗಳು ಕತ್ತಿ ಹಿಡಿದು ಬರೆಯ ಅಂಚಿನುದ್ದಕ್ಕೂ ನಡೆಯಬೇಕು.